ಸೋಲೋ ಆಲ್ಬಮ್ಮಿಗೆ ಒಂದು ಒದೆ

"ಗಿಟಾರಿಗೆ ಅವನಿದಾನೆ, ಬೇಸಿಗೆ ಇವನಿದಾನೆ, ಹಾಡೋಕೆ ನೀನಿದೀಯ. ಎಲ್ಲರೂ ಇದೀರಿ, ನಾನೊಬ್ಬ ಇಲ್ಲ. ಇದಕ್ಕೆ ಸೋಲೋ ಆಲ್ಬಮ್ ಅಂತ ಹೆಸರು ಬೇರೆ. ಸೋಲೋ ಅಂದ್ರೆ ಒಬ್ಬನೇ ಮಾಡೋದು ಕಣೋ. ನೀನು ಮಾಡ್ತಿರೋದು ಒಬ್ಬನ್ನ ಬಿಟ್ಟು ಮಾಡೋದು."

"ಭಾವ, ಮೊದಲು ಆ ದಬ್ಬಣ ಕೆಳಗಿಡಿ."

"ಇಡಲ್ಲ. ಚುಚ್ಚೋ ಹಾಗಿದ್ರೆ ಯಾವತ್ತೋ ಚುಚ್ತಿದ್ದೆ. ನಿನ್ನೊಳಗೆ ಇರೋದು ಬರೀ ಗಾಳಿ. ಠುಸ್ ಅಂತ ಹೋಗಿಬಿಟ್ರೆ ನಿಮ್ಮಕ್ಕನಿಗೆ ಉತ್ತರ ಹೇಳೋರು ಯಾರು?"

ಭಾವ ಹಾಸಿಗೆ ಹೊಲಿಯುವವನು. ಕೈಯಲ್ಲಿ ಗೇಣುದ್ದದ ದಬ್ಬಣ, ತೊಡೆಯ ಮೇಲೆ ಅರ್ಧ ಹೊಲಿದ ಜೋಡಿ ಹಾಸಿಗೆ, ಮೀಸೆಯ ತುಂಬ ಹತ್ತಿಯ ಎಳೆ. ಸಿಟ್ಟು ಬಂದಾಗ ಅವನು ಮೂಗಿನಿಂದ ಜೋರಾಗಿ ಉಸಿರು ಬಿಡುತ್ತಿದ್ದ. ಬಿಟ್ಟಾಗಲೆಲ್ಲ ಒಂದೆರಡು ಎಳೆ ಹಾರಿ ಎದುರಿಗಿದ್ದವರ ಮೇಲೆ ಕೂರುತ್ತಿತ್ತು. ಬಾಮೈದನ ಕರಿಯ ಚರ್ಮದ ಕೋಟಿನ ಮೇಲೆ ಆಗಲೇ ಒಂದು ದಿಂಬಿಗಾಗುವಷ್ಟು ಕೂತಿತ್ತು.

ಈ ಬಾಮೈದನೇ ಬ್ಯಾಂಡಿನ ಹಾಡುಗಾರ. ಹುಟ್ಟಿದ ದಿನ ಅವನು ಅತ್ತ ಅಳುವಿಗೆ ಆಸ್ಪತ್ರೆಯ ಬೀದಿಯ ನಾಯಿಗಳೆಲ್ಲ ಎದ್ದು ನಿಂತಿದ್ದವಂತೆ. ಅಂದಿನಿಂದ ಮನೆಯಲ್ಲೂ ಬೀದಿಯಲ್ಲೂ ಅವನ ಹೆಸರು ಗಂಟಲು. ಗಿಟಾರ್ ನುಡಿಸುವವನು ಗಡಿಯಾರ ರಿಪೇರಿಯವನು. ಊರಿನ ಗಡಿಯಾರಗಳನ್ನೆಲ್ಲ ಸರಿ ಮಾಡಿ ತಾನು ಮಾತ್ರ ಒಂದು ದಿನವೂ ರಿಹರ್ಸಲ್ಲಿಗೆ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಬೇಸ್ ಗಿಟಾರಿನವನು ಮೌನಿ. ಮದುವೆಗೆ ಒಪ್ಪಿಗೆ ಕೇಳಿದಾಗ 'ಹೂಂ' ಅಂದದ್ದೇ ಅವನ ಕೊನೆಯ ಮಾತು ಎಂದು ಅವನ ಹೆಂಡತಿ ಹೇಳುತ್ತಿದ್ದಳು. ಡ್ರಮ್ಸಿಗೆ ಭಾವ. ಗಂಟಲು 'ಭಾವ, ಭಾವ' ಎನ್ನುವುದನ್ನು ಕೇಳಿ ಕೇಳಿ ಉಳಿದಿಬ್ಬರೂ ಹಾಗೇ ಕರೆದು, ಆಮೇಲೆ ಟಿಕೆಟ್ ಕೊಳ್ಳುವವರೂ ಹಾಗೇ ಕರೆದು, ಅವನು ಊರಿಗೇ ಭಾವನಾಗಿಬಿಟ್ಟಿದ್ದ.

ಬ್ಯಾಂಡಿಗೆ ಒಂದು ದೊಡ್ಡ ಹೆಸರೂ ಇತ್ತು. ಪೋಸ್ಟರಿನಲ್ಲಿ ಅದು ಒಂದು ಸಾಲಿಗೆ ಹಿಡಿಯುತ್ತಿರಲಿಲ್ಲ. ಜನ ಹಾಸಿಗೆ ಬ್ಯಾಂಡ್ ಎನ್ನುತ್ತಿದ್ದರು. ಭಾವನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗೋಡೆಗೆ ಒರಗಿಸಿದ ಹಾಸಿಗೆಗಳ ನಡುವೆ ಅವರ ರಿಹರ್ಸಲ್. ಒಳಗೆ ಎಷ್ಟೇ ಕಿರುಚಿದರೂ ಹತ್ತಿ ಎಲ್ಲವನ್ನೂ ಕುಡಿದುಬಿಡುತ್ತಿತ್ತು. ಪಕ್ಕದ ಮನೆಯ ಹಸುಗೂಸು ಕೂಡ ಎಚ್ಚರವಾಗುತ್ತಿರಲಿಲ್ಲ.

"ಆಲ್ಬಮ್ ಕಂಪನಿಯವರು ಹೇಳಿದ್ದು ಭಾವ, ನಾನಲ್ಲ," ಎಂದ ಗಂಟಲು ಕೋಟು ಕೊಡವುತ್ತ. "ಪಾಪ್ ರಾಕ್ ಅಂದ್ರೆ ಈಗ ಒಂದು ಮುಖ ಬೇಕಂತೆ. ನಾಲ್ಕು ಮುಖ ಹಾಕಿದ್ರೆ ಕವರಿನ ಮೇಲೆ ಎಲ್ಲಾ ಬಟಾಣಿ ಕಾಳಿನ ಹಾಗೆ ಕಾಣುತ್ತೆ."

"ಮತ್ತೆ ಈ ಎರಡು ಮುಖ ಯಾಕೆ ಕರ್ಕೊಂಡೆ?"

"ಅವರ ಮುಖ ತಗೊಂಡಿಲ್ಲ. ಕೈ ಮಾತ್ರ."

ಬಾಗಿಲಲ್ಲಿ ನಿಂತಿದ್ದ ಗಡಿಯಾರದವನು ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡು ಜೇಬಿಗೆ ಹಾಕಿಕೊಂಡ. ಮೌನಿ ಸೂರು ನೋಡಿದ.

"ನನ್ನ ಕೈಗೆ ಹುಳ ಹಿಡಿದಿದೆಯಾ?"

"ನಿಮ್ಮ ಜಾಗಕ್ಕೆ ಮೆಷಿನ್ ಬರುತ್ತೆ ಭಾವ. ಇಷ್ಟೇ ಇಷ್ಟು ಡಬ್ಬಿ. ಗುಂಡಿ ಒತ್ತಿದ್ರೆ ಹಾಡು ಮುಗಿಯೋವರೆಗೂ ಬಾರಿಸ್ತಾ ಇರುತ್ತೆ. ತಪ್ಪೋದೇ ಇಲ್ಲ."

"ನಾನೆಲ್ಲಿ ತಪ್ಪಿದೀನಿ?"

"ನೀವೂ ತಪ್ಪಿಲ್ಲ. ಆದ್ರೆ ಆ ಡಬ್ಬಿ ಬೈಯಲ್ಲ."

ಭಾವ ದಬ್ಬಣವನ್ನು ಹಾಸಿಗೆಗೆ ಚುಚ್ಚಿದ, ಬುಡದವರೆಗೂ.

"ಸರಿ. ಒಂದು ಮಾತು ಹೇಳು. ನಿನ್ನ ಹಾಡು ಎಲ್ಲಿಂದ ಶುರುವಾಗುತ್ತೆ ಅಂತ ಗೊತ್ತಾ ನಿನಗೆ?"

"ಗೊತ್ತಿಲ್ದೆ ಏನು? ನನಗೆ ಹಾಡು ಕಾಲಿಂದ ಏರುತ್ತೆ. ಮೊದಲು ಮೀನಖಂಡದಲ್ಲಿ ಒಂದು ನಡುಕ, ಆಮೇಲೆ ಬೆನ್ನು, ಆಮೇಲೆ ಗಂಟಲು. ರೇಡಿಯೊದಲ್ಲೂ ಹೇಳಿದೀನಲ್ಲ."

ಭಾವ ನಕ್ಕ. ಅವನು ನಗುವುದು ಬೈಯುವುದಕ್ಕಿಂತ ಕೆಟ್ಟದಾಗಿರುತ್ತಿತ್ತು.

"ಹೋಗು. ಡಬ್ಬಿ ಕಟ್ಕೊಂಡು ಹಾಡು. ಡಬ್ಬಿಗೆ ಕಾಲಿದೆಯಾ ಅಂತ ಒಂದ್ಸಲ ನೋಡ್ಕೋ."

ಇದರ ಅರ್ಥ ಅಲ್ಲಿದ್ದ ಮೂವರಲ್ಲಿ ಯಾರಿಗೂ ಆಗಲಿಲ್ಲ. ಆಗುವುದಕ್ಕೆ ಕಾರಣವೂ ಇರಲಿಲ್ಲ. ಅದು ಭಾವನಿಗೂ ಅವನ ಹೆಂಡತಿಗೂ ಮಾತ್ರ ಗೊತ್ತಿದ್ದ ಸಂಗತಿ.

ಬ್ಯಾಂಡಿನ ಮೊಟ್ಟಮೊದಲ ಕಾರ್ಯಕ್ರಮದ ದಿನ ಗಂಟಲು ಮೈಕಿನ ಮುಂದೆ ಕಲ್ಲುಕಂಬದ ಹಾಗೆ ನಿಂತುಬಿಟ್ಟಿದ್ದ. ಗಿಟಾರ್ ಒಂದು ಸುತ್ತು ಬಂತು, ಎರಡು ಸುತ್ತು ಬಂತು, ಇವನ ಬಾಯಿ ತೆರೆದಿದೆ, ಸದ್ದಿಲ್ಲ. ಹಿಂದೆಯೇ ಕೂತಿದ್ದ ಭಾವನಿಗೆ ತಲೆ ಕೆಟ್ಟು, ಎಡಗಾಲು ಚಾಚಿ ಬಾಮೈದನ ಮೀನಖಂಡಕ್ಕೆ ಒಂದು ಒದೆ ಕೊಟ್ಟ. ಸರಿಯಾಗಿ ಎಲ್ಲಿ ಹಾಡು ಎತ್ತಬೇಕಿತ್ತೋ ಅಲ್ಲಿ ಕೊಟ್ಟ. ಗಂಟಲಿನಿಂದ ಹಾಡು ಹೊರಬಂತು. ಎಂಥ ಹಾಡು ಅಂದರೆ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರೆಲ್ಲ ಎದ್ದು ಕೂತರು.

ಅಲ್ಲಿಂದ ಅದೇ ಪದ್ಧತಿಯಾಯಿತು. ಪ್ರತಿ ಹಾಡಿಗೂ ಒಂದು ಒದೆ. ಹಾಸಿಗೆ ಕೋಣೆಯೂ ಇಕ್ಕಟ್ಟು. ಹಾಡುಗಾರ ನಿಲ್ಲುವ ಜಾಗ ಡ್ರಮ್ಮಿನವನ ಕಾಲಿಗೆ ನೇರ ಎಟುಕುತ್ತಿತ್ತು. ಡ್ರಮ್ಸಿನಲ್ಲಿ ಎಡಗಾಲಿನ ಕೆಲಸ ಒಂದರ ಮೇಲೊಂದು ಕೂತ ಜೋಡಿ ತಟ್ಟೆಯನ್ನು ತೆರೆದು ಮುಚ್ಚುವುದು. ಡ್ರಮ್ಮಿನ ಮರೆಯಲ್ಲಿ, ಯಾರಿಗೂ ಕಾಣದ ಹಾಗೆ, ಆ ಕಾಲು ಒದೆಯಲು ಹೋದಾಗ ತಟ್ಟೆ ಒಂದು ಪೆಟ್ಟು ಸುಮ್ಮನಾಗುತ್ತಿತ್ತು. ಪತ್ರಿಕೆಯವನೊಬ್ಬ ಅದನ್ನು 'ಅರ್ಥಪೂರ್ಣ ಮೌನ' ಎಂದು ಬರೆದ. ಒದೆ ತಿನ್ನುವ ಗಂಟಲಿಗೂ ಅದು ಒದೆ ಎಂದು ಗೊತ್ತೇ ಇರಲಿಲ್ಲ. ಉಸಿರಾಡುವವನಿಗೆ ಮೂಗಿನ ನೆನಪಿರುತ್ತದೆಯೇ? ಬೆನ್ನ ಹಿಂದೆ ಡ್ರಮ್ಮು ಗುಡುಗುತ್ತದೆ, ಕಾಲಿನಲ್ಲಿ ನಡುಕ ಏಳುತ್ತದೆ, ಹಾಡು ಬರುತ್ತದೆ. ಮೀನಖಂಡದ ಮೇಲೆ ಕೂತುಬಿಟ್ಟ ನೀಲಿ ಕಲೆಯನ್ನು ಅವನು ಹುಟ್ಟುಮಚ್ಚೆ ಎಂದೇ ತಿಳಿದಿದ್ದ.

ಹೆಂಡತಿಯೊಬ್ಬಳನ್ನು ಬಿಟ್ಟು ಭಾವ ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಬಾಮೈದನ ಮಾನ ಹೋಗುತ್ತದೆ ಎಂದು ಸುಮ್ಮನಿದ್ದ. ಆದರೆ ಮನಸ್ಸಿನ ಮೂಲೆಯಲ್ಲಿ ಒಂದೇ ಒಂದು ಆಸೆ ಇತ್ತು. ಯಾವತ್ತಾದರೂ ಒಂದು ದಿನ, ತುಂಬಿದ ಹಾಲ್‌ನಲ್ಲಿ, ಯಾರಾದರೂ ಮೈಕು ಹಿಡಿದು ಇದನ್ನು ಹೇಳಬೇಕು. ಹೇಳಿದರೆ ತಾನು ಬೇಡ ಬೇಡ ಎಂದು ಕೈ ಆಡಿಸಬೇಕು. ಆ ಕೈ ಆಡಿಸುವುದನ್ನು ಅವನು ಹಾಸಿಗೆ ಹೊಲಿಯುವಾಗ ಒಂದೆರಡು ಸಲ ಅಭ್ಯಾಸವೂ ಮಾಡಿದ್ದ. ಈಗ ಆ ಜಾಗಕ್ಕೆ ಡಬ್ಬಿ ಬಂದು ಕೂತಿತ್ತು.

ಹತ್ತು ಹದಿನೈದು ದಿನ ಕಳೆದಿರಬೇಕು. ಗಡಿಯಾರದವನು ಅಂಗಡಿಯ ಮುಂದೆ ಬಂದು ನಿಂತ.

"ಒಂದು ದಿಂಬು ಬೇಕಿತ್ತು ಭಾವ."

"ದಿಂಬು ತಲೆ ಇರೋರಿಗೆ. ನಿನಗ್ಯಾಕೆ?"

ಗಡಿಯಾರದವನು ಬೈಗುಳವನ್ನು ಕಾಫಿ ಕುಡಿದ ಹಾಗೆ ಕುಡಿದು, ಹಾಸಿಗೆಯ ಅಂಚಿನಲ್ಲಿ ಕೂತ. "ಅವನು ಬಾಯೇ ಬಿಡ್ತಿಲ್ಲ ಭಾವ."

"ಯಾರು?"

"ಯಾರು ಅಂತ ಕೇಳ್ತೀರಲ್ಲ. ಮೆಷಿನ್ ಬಾರಿಸುತ್ತೆ, ನಾನು ನುಡಿಸ್ತೀನಿ, ಮೌನಿ ನುಡಿಸ್ತಾನೆ, ಹಾಡು ಎತ್ತೋ ಜಾಗ ಬರುತ್ತೆ, ಹೋಗುತ್ತೆ. ಅವನು ಬಸ್ ಸ್ಟಾಪಲ್ಲಿ ನಿಂತ ಹಾಗೆ ನಿಂತಿರ್ತಾನೆ. ಬಸ್ಸು ಎದುರಿಗೇ ಹೋಗ್ತಿರುತ್ತೆ."

ಭಾವ ಸೂಜಿಗೆ ದಾರ ಪೋಣಿಸಲು ತೊಡಗಿದ. ನಗು ತಡೆಯುವುದರಲ್ಲಿ ದಾರ ಸೂಜಿಯ ಕಣ್ಣು ತಪ್ಪುತ್ತಿತ್ತು.

"ಸ್ಟುಡಿಯೊದವನು ಕೆಂಪು ದೀಪ ಇಟ್ಟ. ದೀಪ ಹತ್ತಿದಾಗ ಹಾಡು ಅಂದ. ದೀಪ ಹತ್ತಿತು. ಇವನು ಮೈಕಲ್ಲಿ 'ಹತ್ತಿತು' ಅಂದ."

"ಆಮೇಲೆ?"

"ಸ್ಟುಡಿಯೊದವನೇ ಬೆನ್ನು ತಟ್ಟಿ ನೋಡಿದ. ಇವನಿಗೆ ತೇಗು ಬಂತು."

"ಆಮೇಲೆ?"

"ಹೆಡ್‌ಫೋನ್ ಸರಿ ಇಲ್ಲ ಅಂದ, ಬದಲಾಯಿಸಿದ್ರು. ಮೈಕು ಎತ್ತರ ಆಯ್ತು ಅಂದ, ಇಳಿಸಿದ್ರು. ಈಗ ನೆಲ ಸರಿ ಇಲ್ಲ ಅಂತಿದಾನೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಆಮೇಲೆ?"

"ಮೌನಿ ಹೋಗಿ ಕಾಲಿಗೆ ಕಾಲು ತಾಗಿಸಿದ. ಯಾಕೆ ಹಾಗೆ ಹೊಳೀತೋ ಅವನಿಗೆ, ಅವನನ್ನ ಕೇಳೋದು ಹೇಗೆ? ತಾಗಿಸಿ 'ಕ್ಷಮಿಸಿ' ಅಂದ. ಅವನ ಧ್ವನಿ ಕೇಳಿ ನಾವೆಲ್ಲ ಹೆದರಿ ರೆಕಾರ್ಡಿಂಗೇ ನಿಂತೋಯ್ತು. ಅಷ್ಟು ದಪ್ಪ ಧ್ವನಿ ಭಾವ. ನಾನು ಗೋಡೆ ಮಾತಾಡ್ತು ಅಂದ್ಕೊಂಡೆ."

ಗಡಿಯಾರದವನು ದಿಂಬು ಕೊಳ್ಳದೆ ಹೋದ. ಭಾವ ಆ ದಿನ ಮಧ್ಯಾಹ್ನದೊಳಗೆ ಎರಡು ಹಾಸಿಗೆ ಹೊಲಿದು ಮುಗಿಸಿದ. ಸಿಳ್ಳೆ ಹಾಕುತ್ತ ಊಟಕ್ಕೆ ಮನೆಗೆ ಹೋದ. ಹೆಂಡತಿ ತಟ್ಟೆ ಇಟ್ಟು ಎದುರಿಗೆ ಕೂತಳು.

"ಸಂತೋಷ ಆಗಿರೋ ಹಾಗಿದೆ?"

"ಆಗಿದೆ."

"ಎಷ್ಟಾಗಿದೆ?"

"ಹೊಟ್ಟೆ ತುಂಬ ಆಗಿದೆ."

"ಹಾಗಾದ್ರೆ ಊಟ ಬೇಡ ಬಿಡಿ," ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು.

ಭಾವ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. ಹಸಿವು ಸಿಟ್ಟಿಗಿಂತ ದೊಡ್ಡದು.

"ತಪ್ಪು ಅವನದು ಕಣೇ."

"ಅವನದೇ. ಬೆಳಿಗ್ಗೆ ಬಂದು ಪ್ಯಾಂಟು ಮೇಲೆತ್ತಿ ಅತ್ತ. ಹುಟ್ಟುಮಚ್ಚೆ ಮಾಸಿಹೋಗ್ತಿದೆ ಅಕ್ಕ, ನನ್ನ ಅದೃಷ್ಟವೇ ಮಾಸಿಹೋಗ್ತಿದೆ ಅಂತ. ಹುಟ್ಟಿದಾಗ ಅವನನ್ನ ಮಡಿಲಲ್ಲಿ ಹಾಕ್ಕೊಂಡವಳು ನಾನು. ಕಾಲು ಬೆಣ್ಣೆ ಹಾಗಿತ್ತು, ಒಂದು ಚುಕ್ಕೆ ಇರಲಿಲ್ಲ. ಅದು ಯಾರ ಕಾಲಿನ ಗುರುತು ಅಂತ ಹೇಳಿಬಿಟ್ಟೆ."

"ಹೇಳಿಬಿಟ್ಯಾ?"

"ಹೇಳಿದೆ. ಎತ್ತಿದ ಪ್ಯಾಂಟು ಇಳಿಸ್ಕೊಂಡ. ಆಮೇಲೆ ಎದ್ದು ಹೋದ. ನಾಳೆ ಬರ್ತಾನೆ ನೋಡ್ತಾ ಇರಿ. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ?"

ಮರುದಿನ ಅಂಗಡಿಯಲ್ಲಿ ಗಿರಾಕಿಯೊಬ್ಬ ಹಾಸಿಗೆ ಒತ್ತಿ ಒತ್ತಿ ನೋಡುತ್ತಿದ್ದಾಗ ಗಂಟಲು ಬಂದ. ಹಿಂದೆಯೇ ಅಕ್ಕ, ಕೈಯಲ್ಲಿ ಭಾವನ ಊಟದ ಡಬ್ಬಿ ಹಿಡಿದು. ಮಾತು ಮುಗಿಯುವವರೆಗೆ ಅದನ್ನು ಕೊಡುವ ಲಕ್ಷಣ ಅವಳ ಮುಖದಲ್ಲಿರಲಿಲ್ಲ.

"ಭಾವ, ಒದೆಯೋಕೆ ಬರ್ತೀರಾ?"

ಗಿರಾಕಿ ಕೈ ಹಿಂದಕ್ಕೆ ತೆಗೆದುಕೊಂಡು ನಾಳೆ ಬರುತ್ತೇನೆ ಎಂದು ಹೊರಟುಹೋದ.

"ಬರ್ತೀನಿ," ಎಂದ ಭಾವ. "ಹತ್ತು ಹಾಡಿದ್ರೆ ಹತ್ತು ಒದೀತೀನಿ, ಕೈ ಚಾಚಿ ಏನೂ ಕೇಳಲ್ಲ. ಒಂದೇ ಮಾತು. ಆಲ್ಬಮ್ ಬಿಡುಗಡೆ ದಿನ ಜನರ ಮುಂದೆ ನೀನು ಇದನ್ನ ಹೇಳ್ಬೇಕು."

"ಏನಂತ ಹೇಳಲಿ? ಭಾವ ಒದ್ದರೆ ಹಾಡ್ತೀನಿ ಅಂತಲಾ? ಕತ್ತೆಗೂ ನನಗೂ ಏನು ವ್ಯತ್ಯಾಸ ಉಳೀತು?"

"ಕತ್ತೆ ಚರ್ಮದ ಕೋಟು ಹಾಕಲ್ಲ."

"ಅಕ್ಕ, ನೋಡು ಇವರನ್ನ."

"ನಾನೇನು ನೋಡೋದು? ಎರಡೂ ನನಗೆ ಗಂಟುಬಿದ್ದಿರೋವೇ," ಎಂದಳು ಅಕ್ಕ. "ಹೇಳ್ತೀಯೋ ಇಲ್ವೋ?"

ಗಂಟಲು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದ. ಕೊನೆಗೆ, "ಹೇಳ್ತೀನಿ. ಕೊನೇ ಹಾಡಿಗೆ ಮುಂಚೆ ಹೇಳ್ತೀನಿ. ಅಕ್ಕನಾಣೆ," ಎಂದ.

"ನನ್ನ ಮೇಲೆ ಬೇಡಪ್ಪ, ನನಗಿನ್ನೂ ಬದುಕೋಕಿದೆ. ಆ ಕೋಟಿನ ಮೇಲೆ ಇಡು."

ಗಂಟಲು ಕೋಟಿನ ಕಾಲರು ಹಿಡಿದು ಆಣೆ ಇಟ್ಟ. ಅಕ್ಕ ಊಟದ ಡಬ್ಬಿ ಕೊಟ್ಟಳು.

ಸ್ಟುಡಿಯೊದಲ್ಲಿ ಭಾವನಿಗೆ ಗಂಟಲಿನ ಹಿಂದೆ ಒಂದು ಸ್ಟೂಲು ಹಾಕಿದರು. ಮೂಲೆಯಲ್ಲಿ ಡಬ್ಬಿ ತನ್ನ ಪಾಡಿಗೆ ಟಕ್ ಟಕ್ ಎನ್ನುತ್ತಿತ್ತು. ಭಾವ ಅದರ ಕಡೆ ಬೆನ್ನು ಮಾಡಿ ಕೂತ. ಹಾಡು ಎತ್ತುವ ಜಾಗ ಬಂತು. ಎಡಗಾಲು ಹೋಯಿತು. ಗಂಟಲು ಹಾಡಿದ. ಗಾಜಿನ ಆಚೆ ಸ್ಟುಡಿಯೊದವನು ಎರಡೂ ಕೈ ಮೇಲೆತ್ತಿದ. ಅಷ್ಟು ದಿನದಲ್ಲಿ ಅವನಿಗೆ ಸಿಕ್ಕ ಮೊದಲ ಹಾಡು ಅದು.

ಆದರೆ ತಿರುಗಿಸಿ ಕೇಳಿದಾಗ ಹಾಡು ಏಳುವ ಮುಂಚೆ ದಪ್ ಎಂದು ಒಂದು ಸದ್ದು ಕೇಳಿಸಿತು. ಮೈಕು ಒದೆಯನ್ನೂ ಹಿಡಿದುಬಿಟ್ಟಿತ್ತು.

ಭಾವ ಅಂಗಡಿಯಿಂದ ಹತ್ತಿ ತಂದು ಬಾಮೈದನ ಮೀನಖಂಡಕ್ಕೆ ಸಣ್ಣ ಹಾಸಿಗೆಯೊಂದನ್ನು ಹೊಲಿದು ಕಟ್ಟಿದ. ಸದ್ದು ನಿಂತಿತು. ಒದೆ ತಾಗಲಿಲ್ಲ, ಹಾಡೂ ನಿಂತಿತು. ಹಾಸಿಗೆ ಬಿಚ್ಚಿ ಭಾವ ಬೂಟು ಬಿಚ್ಚಿದ. ಬರೀ ಕಾಲುಚೀಲದಲ್ಲಿ ಒದ್ದ. ಸದ್ದು ಸಣ್ಣದಾಯಿತು, ಹೋಗಲಿಲ್ಲ. ಒದೆಯೂ ಮೆತ್ತಗಾಗಿ, ಹಾಡಿನಲ್ಲಿ ಹಿಂದೆಂದೂ ಇಲ್ಲದ ಒಂದು ನಯ ಬಂತು. ಕಂಪನಿಯವನು ಬಂದು ಕೇಳಿದ. ತಲೆ ಆಡಿಸುತ್ತ ಕೇಳಿದ.

"ಆ ದಪ್ ಇದೆಯಲ್ಲ, ಹಾಡು ಎತ್ತೋ ಮುಂಚೆ. ಅದನ್ನ ಮಾತ್ರ ತೆಗೀಬೇಡಿ. ಎದೆಬಡಿತದ ಹಾಗಿದೆ. ಯಾವ ವಾದ್ಯ ಅದು?"

ಗಂಟಲು ಭಾವನ ಕಡೆ ನೋಡಿದ, ಸ್ಟುಡಿಯೊದವನ ಕಡೆ ನೋಡಿದ, "ಹೊಸದು," ಎಂದ.

ಭಾವ ಒಂದು ಕಾಲಿಗೆ ಬೂಟು ಹಾಕಿಕೊಳ್ಳುತ್ತಿದ್ದ. ಇವತ್ತು ಹೇಳದಿದ್ದರೆ ಬೇಡ, ಬಿಡುಗಡೆ ದಿನ ಹೇಳುತ್ತಾನೆ ಎಂದುಕೊಂಡ.

ಬಿಡುಗಡೆಯ ಕಾರ್ಯಕ್ರಮಕ್ಕೆ ಒಂದು ಹಾಲ್ ಗೊತ್ತಾಯಿತು. ಹಾಡುಗಾರ ಮುಂದೆ ಬೆಳಕಿನಲ್ಲಿ, ಗಡಿಯಾರದವನೂ ಮೌನಿಯೂ ಹಿಂದೆ ಕತ್ತಲಲ್ಲಿ, ಡಬ್ಬಿ ಒಂದು ಎತ್ತರದ ಕುರ್ಚಿಯ ಮೇಲೆ. ಭಾವನನ್ನು ಎಲ್ಲಿ ಕೂರಿಸುವುದು ಎಂಬುದೇ ಸಮಸ್ಯೆ. ಗಂಟಲು ಒಂದು ಉಪಾಯ ಹೇಳಿದ: ಮೈಕಿನ ಹಿಂದೆ ಒಂದು ಮೇಜು, ಮೇಜಿಗೆ ನೆಲದವರೆಗೆ ಬಟ್ಟೆ, ಮೇಲೆ ನೀರಿನ ಜಗ್ಗು ಮತ್ತು ಹೂವಿನ ಕುಂಡ, ಕೆಳಗೆ ಭಾವ.

"ನಾನೇನು ಬೆಕ್ಕಾ?" ಎಂದ ಭಾವ.

"ಕೊನೇ ಹಾಡಿನವರೆಗೆ ಮಾತ್ರ. ಆಮೇಲೆ ನಾನೇ ಬಟ್ಟೆ ಸರಿಸಿ ಕೈ ಹಿಡಿದು ಹೊರಗೆ ಕರೀತೀನಿ. ಎಷ್ಟು ಚೆನ್ನಾಗಿರುತ್ತೆ ಯೋಚನೆ ಮಾಡಿ ಭಾವ. ಜನ ಎದ್ದು ನಿಲ್ತಾರೆ."

ಭಾವ ಯೋಚನೆ ಮಾಡಿದ. ಚೆನ್ನಾಗಿಯೇ ಇತ್ತು. ಮೇಜಿನ ಬಟ್ಟೆಯನ್ನು ಅವನೇ ಹೊಲಿದ. ಕಾಲು ಹೋಗುವಷ್ಟು ಒಂದು ಸೀಳು ಬಿಟ್ಟು, ಆ ಸೀಳಿಗೂ ಅಂಚು ಮಡಚಿ ಒಳ್ಳೆ ಹೊಲಿಗೆ ಹಾಕಿದ. ಮಾಡುವ ಕೆಲಸ ಅಚ್ಚುಕಟ್ಟಾಗಿರಬೇಕು, ಒದೆಯುವುದಾದರೂ. ಹೊಸ ಅಂಗಿ ಕೊಂಡ. ಹೊಸ ಬೂಟು ಕೊಂಡ. ಹೊರಗೆ ಬಂದಾಗ ಜನ ಮೊದಲು ನೋಡುವುದು ಬೂಟನ್ನೇ ಎಂದು ಹೆಂಡತಿ ಹೇಳಿದ್ದಳು.

ಹಾಲ್ ತುಂಬಿತು. ಹೆಂಡತಿ ಮೂರನೆಯ ಸಾಲಿನ ಅಂಚಿನಲ್ಲಿ ಕೂತಳು. ಕಂಪನಿಯವನು ಮೊದಲ ಸಾಲಿನಲ್ಲಿ, ಕಾಲ ಮೇಲೆ ಕಾಲು ಹಾಕಿಕೊಂಡು. ಭಾವ ಜನ ಬರುವ ಮುಂಚೆಯೇ ಮೇಜಿನ ಕೆಳಗೆ ಸೇರಿಕೊಂಡು ಎಡಬೂಟು ಬಿಚ್ಚಿ ಪಕ್ಕದಲ್ಲಿಟ್ಟ. ಅಂಗಿ ಮುದುರಬಾರದೆಂದು ಬೆನ್ನು ನೆಟ್ಟಗೆ ಮಾಡಲು ಹೋಗಿ ತಲೆ ಮೇಜಿಗೆ ಬಡಿಯಿತು. ಮೇಲೆ ಜಗ್ಗು ಕುಣಿಯಿತು. ಗಂಟಲು ಬಗ್ಗಿ, "ಭಾವ, ಅಲ್ಲಾಡಬೇಡಿ," ಎಂದು ಪಿಸುಗುಟ್ಟಿದ.

ಹಾಡಿನ ಮೇಲೆ ಹಾಡು ಹೋಯಿತು. ಸೀಳಿನಿಂದ ಕಾಲು ಹೊರಬರುವುದು, ಮೀನಖಂಡಕ್ಕೆ ದಪ್, ಹಾಡು, ಕಾಲು ಒಳಗೆ. ಒಂದೂ ತಪ್ಪಲಿಲ್ಲ. ಮೇಜಿನ ಕೆಳಗೆ ಕೂತವನಿಗೆ ಚಪ್ಪಾಳೆ ನೆಲದಿಂದ ಕೇಳುತ್ತಿತ್ತು, ಕುಂಡೆಯಿಂದ ಬೆನ್ನಿಗೆ ಏರುತ್ತಿತ್ತು. ಈ ಗಂಟಲು ಹೇಳುತ್ತಿದ್ದ ನಡುಕ ಇದೇ ಇರಬೇಕು ಎಂದು ಭಾವನಿಗೆ ಅನ್ನಿಸಿತು. ಸಿಟ್ಟೆಲ್ಲ ಇಳಿದುಹೋಗಿತ್ತು. ಬಾಮೈದನ ಮೇಲೆ ಒಂದು ರೀತಿಯ ಮಮತೆಯೂ ಹುಟ್ಟಿತ್ತು. ಮುಂದಿನ ಒದೆಯನ್ನು ಅವನು ಮಗುವನ್ನು ತಟ್ಟುವ ಹಾಗೆ ಒದ್ದ.

ಕೊನೆಯ ಹಾಡಿಗೆ ಮುಂಚೆ ಗಂಟಲು ಮೈಕಿನಲ್ಲಿ ಕೆಮ್ಮಿದ.

"ಒಂದೆರಡು ಮಾತು ಹೇಳ್ಬೇಕು. ಈ ಆಲ್ಬಮ್ ಆಗೋಕೆ ಕಾರಣರಾದವರನ್ನ ನೆನೀಬೇಕು."

ಭಾವ ಅಂಗಿಯ ಕಾಲರು ಸರಿಮಾಡಿಕೊಂಡ. ಮೀಸೆ ತೀಡಿದ. ಕೈ ಆಡಿಸುವುದನ್ನು ಮೇಜಿನ ಕೆಳಗೇ ಇನ್ನೊಮ್ಮೆ ಮಾಡಿ ನೋಡಿದ.

ಗಂಟಲು ಕಂಪನಿಯವನನ್ನು ನೆನೆದ. ಸ್ಟುಡಿಯೊದವನನ್ನು ನೆನೆದ. ಕೋಟು ಹೊಲಿದ ದರ್ಜಿಯನ್ನು ನೆನೆದ. ಸ್ಟುಡಿಯೊದ ಪಕ್ಕದ ಕಾಫಿ ಅಂಗಡಿಯವಳನ್ನು ನೆನೆದ. ಗಿಟಾರನ್ನೂ ಬೇಸನ್ನೂ ಒಟ್ಟಿಗೆ ನೆನೆದು ಮುಗಿಸಿದ. ಡ್ರಮ್ಮಿನ ಡಬ್ಬಿಯನ್ನು ಅದರ ಮಾಡೆಲ್ ನಂಬರ್ ಸಮೇತ ನೆನೆದ. ಜನ ಡಬ್ಬಿಗೆ ಚಪ್ಪಾಳೆ ತಟ್ಟಿದರು.

"ಕೊನೇದಾಗಿ, ಎಲ್ಲರೂ ಕೇಳ್ತಿರೋದು ಒಂದೇ. ಹಾಡು ಎತ್ತೋ ಮುಂಚೆ ಬರೋ ಆ ದಪ್ ಅನ್ನೋ ಸದ್ದು ಏನು ಅಂತ."

ಭಾವ ಬಟ್ಟೆಯ ಅಂಚಿಗೆ ಕೈ ಹಾಕಿದ. ಹೊರಗೆ ಬರುವಾಗ ಯಾವ ಕಾಲು ಮುಂದಿಡಬೇಕು ಎಂದು ಲೆಕ್ಕ ಹಾಕಿದ. ಎಡಗಾಲಿಗೆ ಬೂಟು ಹಾಕಿಕೊಳ್ಳಲು ಹೊತ್ತಿದೆಯೇ ಎಂದು ತಡಕಾಡಿದ.

"ಅದು..." ಎಂದ ಗಂಟಲು. ನಿಂತ. ಸೀಳಿನಿಂದ ಭಾವನಿಗೆ ಅವನ ಕಾಲುಗಳಷ್ಟೇ ಕಾಣುತ್ತಿದ್ದವು. ಅವು ಒಂದರ ಹಿಂದೆ ಒಂದು ಅವಿತುಕೊಳ್ಳಲು ನೋಡುತ್ತಿದ್ದವು. ತಪ್ಪು ಮಾಡಿದ ಮಕ್ಕಳ ಕಾಲು ಹಾಗೆ ಮಾಡುತ್ತವೆ. "ಅದು ನನ್ನದೇ ಒಂದು ಪ್ರಯೋಗ. ತುಂಬ ದಿನ ತಲೆ ಕೆಡಿಸ್ಕೊಂಡು ಕಂಡುಹಿಡಿದದ್ದು. ಸೋಲೋ ಆಲ್ಬಮ್ ಅಂದ್ಮೇಲೆ ಎಲ್ಲಾ ಒಬ್ಬನೇ ಮಾಡ್ಬೇಕಲ್ಲ."

ಹಾಲ್ ಗುಡುಗಿತು. ಆ ಗದ್ದಲದಲ್ಲೇ ಮೇಜಿನ ಹಲಗೆಯ ಮೇಲೆ ಎರಡು ಬೆರಳು ಟಕ್ ಟಕ್ ಎಂದವು. ತಯಾರಾಗಿ ಭಾವ, ಎಂದು ಅದರ ಅರ್ಥ.

ಗಡಿಯಾರದವನ ಗಿಟಾರ್ ಶುರುವಾಯಿತು. ಮೌನಿಯ ಬೇಸ್ ಸೇರಿಕೊಂಡಿತು. ಡಬ್ಬಿ ತಪ್ಪದೆ ಬಾರಿಸತೊಡಗಿತು. ಗಂಟಲು ಮೀನಖಂಡವನ್ನು ಸೀಳಿಗೆ ಸರಿಯಾಗಿ ತಂದು ನಿಲ್ಲಿಸಿದ.

ಭಾವನ ಎಡಗಾಲು ಮೇಲೆದ್ದಿತು. ಒಂದು ಪೆಟ್ಟು ಮುಂಚೆ ಒದ್ದರೆ ಸಾಕಾಗಿತ್ತು. ಗಂಟಲು ತಪ್ಪಿದ ಜಾಗದಲ್ಲಿ ಕಿರುಚಿ ತುಂಬಿದ ಸಭೆಯಲ್ಲಿ ಕತ್ತೆಯಾಗುತ್ತಿದ್ದ. ಕಂಪನಿಯವನು ಕಾಲ ಮೇಲಿನ ಕಾಲು ಇಳಿಸುತ್ತಿದ್ದ. ಭಾವ ಅದನ್ನೇ ಮಾಡಬೇಕೆಂದು ಹಲ್ಲು ಕಚ್ಚಿದ. ಕಾಲು ಒಪ್ಪಲಿಲ್ಲ. ಭಾವನ ಬಾಯಿ ಯಾರನ್ನು ಬೇಕಾದರೂ ಏನು ಬೇಕಾದರೂ ಅಂದೀತು, ಕಾಲು ಮಾತ್ರ ಎಂದೂ ತಪ್ಪು ಜಾಗದಲ್ಲಿ ಒದ್ದದ್ದಲ್ಲ. ಅವನು ಕಾಲು ಇಳಿಸಿದ. ಬಟ್ಟೆ ಎತ್ತಿ ಹೊರಗೆ ಬಂದ.

ಬರುವಾಗ ಬಟ್ಟೆ ತಲೆಗೆ ಸಿಕ್ಕಿಕೊಂಡಿತು. ಜಗ್ಗು ಉರುಳಿತು, ಕುಂಡ ಉರುಳಿತು. ಹೊಸ ಅಂಗಿಯ ಮೇಲೆ ನೀರು ಸುರಿಯಿತು. ಮದುಮಗಳ ಸೆರಗಿನ ಹಾಗೆ ಮೇಜಿನ ಬಟ್ಟೆ ಹೊದ್ದ ಐವತ್ತರ ಗಂಡಸೊಬ್ಬ, ಒಂದು ಕಾಲಿಗೆ ಮಿರಿ ಮಿರಿ ಮಿಂಚುವ ಬೂಟು, ಇನ್ನೊಂದಕ್ಕೆ ಹೆಬ್ಬೆರಳು ಕಾಣುವ ಕಾಲುಚೀಲ. ಜನ ಇದೂ ಕಾರ್ಯಕ್ರಮದ ಭಾಗವೇ ಎಂದು ತಿಳಿದು ಚಪ್ಪಾಳೆ ತಟ್ಟಿದರು. ಅಷ್ಟು ದಿನ ಕಾದ ಚಪ್ಪಾಳೆ ಅದು. ಭಾವ ಕೈ ಆಡಿಸಲಿಲ್ಲ. ಬಟ್ಟೆ ತೆಗೆದು ಡಬ್ಬಿಯ ಮೇಲೆ ಎಸೆದ. ಬಟ್ಟೆಯೊಳಗಿಂದಲೂ ಅದು ತಪ್ಪದೆ ಬಾರಿಸುತ್ತಿತ್ತು.

"ಭಾವ," ಎಂದ ಗಂಟಲು, ಮೈಕಿನಿಂದ ಮುಖ ತಿರುಗಿಸಿ. "ಭಾವ, ಇದೊಂದು ಹಾಡು."

"ನಿನ್ನದೇ ಪ್ರಯೋಗ ಅಲ್ವಾ. ನೀನೇ ಒದ್ಕೋ."

ಮೆಟ್ಟಿಲಿಳಿದು ಸಾಲುಗಳ ನಡುವೆ ನಡೆದ. ಟಕ್, ತಪ್, ಟಕ್, ತಪ್. ಮೂರನೆಯ ಸಾಲಿನ ಅಂಚಿನಲ್ಲಿ ಹೆಂಡತಿ ಕೈ ಹಿಡಿದಳು.

"ಎಲ್ಲಿಗೆ?"

"ಮನೆಗೆ."

"ಬೂಟು?"

ಭಾವ ಕೈ ಬಿಡಿಸಿಕೊಂಡ. ಅವಳು ವೇದಿಕೆಯ ಮೇಲೆ ಬಾಯಿ ತೆರೆದು ನಿಂತ ತಮ್ಮನನ್ನು ನೋಡಿದಳು, ಗಂಡನ ಬೆನ್ನು ನೋಡಿದಳು, ಹಾಳಾಗಿ ಹೋಗಿ ಇಬ್ಬರೂ ಎಂದು ಕೂತಲ್ಲೇ ಕೂತಳು.

ದಪ್ಪ ಬಾಗಿಲು ಹಿಂದೆ ಮುಚ್ಚಿಕೊಂಡಿತು. ಹೊರಗೆ ಸಂಜೆಯ ಬೀದಿ. ಎದುರುಗಡೆ ಸೈಕಲ್ ಅಂಗಡಿಯವನು ಶಟರ್ ಎಳೆಯುತ್ತಿದ್ದ. ಗೋಡೆಯ ಎತ್ತರದಲ್ಲಿದ್ದ ಸಣ್ಣ ಕಿಟಕಿಯಿಂದ ಹಾಡಿನ ಮೊದಲ ಭಾಗ ಮೆಲ್ಲಗೆ ಕೇಳುತ್ತಿತ್ತು. ಹಾಡು ಎತ್ತುವ ಜಾಗ ಬಂತು, ಹೋಯಿತು. ಗಡಿಯಾರದವನು ಇನ್ನೊಂದು ಸುತ್ತು ತೆಗೆದುಕೊಂಡ. ಮತ್ತೆ ಬಂತು, ಮತ್ತೆ ಹೋಯಿತು. ಒಳಗೆ ಯಾರೋ ಸಿಳ್ಳೆ ಹಾಕಿದರು. ಇನ್ನೊಂದು ಸುತ್ತು.

ಭಾವ ಹೊರಟುಹೋಗಬೇಕಿತ್ತು. ನಿಂತಿದ್ದ. ಎಡಗಾಲು ಇರುವೆ ಹತ್ತಿದ ಹಾಗೆ ಜುಮುಗುಟ್ಟುತ್ತಿತ್ತು. ಪಕ್ಕದಲ್ಲಿ ಒಂದು ತಗಡಿನ ಕಸದ ತೊಟ್ಟಿ. ಜಾಗ ಹತ್ತಿರ ಬಂತು. ಇನ್ನು ನಾಲ್ಕು ಪೆಟ್ಟು, ಮೂರು, ಎರಡು. ಅವನು ಬೇಡ ಬೇಡ ಎನ್ನುತ್ತಿದ್ದಂತೆಯೇ ಕಾಲು ಹೋಗಿ ತೊಟ್ಟಿಗೆ ಒದ್ದಿತು.

ಒಳಗಿಂದ ಗಂಟಲಿನ ಧ್ವನಿ ಎದ್ದಿತು. ಕೂದಲೆಳೆಯಷ್ಟೂ ಹಿಂದೆ ಮುಂದೆ ಇಲ್ಲದೆ ಎದ್ದಿತು.

ಭಾವ ಒಂಟಿ ಕಾಲಿನ ಮೇಲೆ ನಿಂತು, ಹೆಬ್ಬೆರಳು ಹಿಡಿದುಕೊಂಡು, ಇಡೀ ಮೊದಲ ಚರಣ ಕೇಳಿದ. ಆ ದಪ್ಪ ಗೋಡೆ ದಾಟಿ ತೊಟ್ಟಿಯ ಸದ್ದು ಒಳಗೆ ಹೋಗಿತ್ತೋ, ಅಥವಾ ಆ ಬಡ್ಡೀಮಗ ಇಷ್ಟು ವರ್ಷ ಒದೆ ತಿಂದು ತಿಂದು ಕೊನೆಗೂ ತಾನೇ ಕಲಿತುಬಿಟ್ಟನೋ. ಸದ್ದು ಹೋಗಿದ್ದರೆ ಅವನ ಮೇಲೆ ಸಿಟ್ಟು ಬರಬೇಕು, ಕಲಿತಿದ್ದರೆ ಇನ್ನೂ ಹೆಚ್ಚು ಸಿಟ್ಟು ಬರಬೇಕು. ಭಾವ ಎರಡೂ ಸಿಟ್ಟಿಗೆ ಕಾದು ನಿಂತ. ಒಂದೂ ಸರಿಯಾಗಿ ಬರಲಿಲ್ಲ. ಹಾಡು ಚೆನ್ನಾಗಿತ್ತು.

"ಏನ್ರೀ ಭಾವ, ಇವತ್ತು ಡ್ರಮ್ಸ್ ಇಲ್ವಾ?" ಎಂದ ಸೈಕಲ್ ಅಂಗಡಿಯವನು.

"ಇಲ್ಲ," ಎಂದ ಭಾವ. "ಇದು ಅವನೊಬ್ಬನದೇ."

ಕುಂಟುತ್ತ ಬೀದಿಯ ತಿರುವಿನವರೆಗೆ ನಡೆದ. ಹಿಂದೆ ಬಾಗಿಲು ತೆರೆದ ಸದ್ದಾಯಿತು, 'ಭಾವ, ಭಾವ' ಎಂದು ಯಾರೋ ಕೂಗಿದರು. ಊರಿಗೇ ಭಾವನಾದವನನ್ನು ಯಾರು ಬೇಕಾದರೂ ಕೂಗಬಹುದು. ಬೂಟಿಗಾದರೂ ಒಮ್ಮೆ ಹಿಂದಿರುಗಬಹುದಿತ್ತು. ಹೊಸದು, ಅಟ್ಟೆಯ ಹೊಳಪು ಕೂಡ ಮಾಸಿರಲಿಲ್ಲ. ಹಿಂದಿರುಗಲಿಲ್ಲ.